ಮಾವನ ಒಳ್ಳೇ ಕಾಲು ಸುಟ್ಟ ದಿನ

ನಮ್ಮ ಸೋದರಮಾವ ಎಳನೀರು ಕೀಳೋಕೆ ಹತ್ತಿ ತೆಂಗಿನ ಮರದಿಂದ ಬಿದ್ದರು. ಪಾಂಡವಪುರದ ಹತ್ತಿರ ಹಳ್ಳಿ ನಮ್ಮದು. ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಗೂಡ್ಸ್ ಆಟೋದಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೋದೆವು. ಹಾಗೆ ಎತ್ತಲೇಬಾರದಿತ್ತಂತೆ. ಕುತ್ತಿಗೆ, ಬೆನ್ನು ಒಂಚೂರೂ ಬಾಗದ ಹಾಗೆ ಹಲಗೆ ಮೇಲೆ ಹೊರಳಿಸಬೇಕಿತ್ತು. ಆ ಹೊತ್ತಿಗೆ ಯಾರಿಗೆ ಗೊತ್ತಿತ್ತು?

ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು, ಬೆನ್ನಿಗೆ ರಾಡು ಹಾಕಿದರು, ಮೂತ್ರಕ್ಕೆ ಪೈಪು ಹಾಕಿದರು, ಬೆನ್ನಲ್ಲಿ ಹುಣ್ಣಾಗದ ಹಾಗೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಅಂದರು. ಮನೆಗೆ ಬರುವಾಗ ಎಡಗಾಲು ಅಲ್ಲಾಡುತ್ತಿರಲಿಲ್ಲ. ಬಲಗಾಲು ಚೆನ್ನಾಗಿ ಮಡಚುತ್ತಿತ್ತು. ಹಾಗಾಗಿ ಎಡದ್ದು ಕೆಟ್ಟ ಕಾಲು, ಬಲದ್ದು ಒಳ್ಳೇ ಕಾಲು ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟೆವು. ಡಿಸ್ಚಾರ್ಜ್ ಚೀಟಿಯಲ್ಲಿ ಬಲಗಾಲಿನ ಬಗ್ಗೆಯೂ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ಅದೇನು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ.

ಮನೆಯಲ್ಲಿ ಮೊದಲ ಸ್ನಾನ. ಅತ್ತೆ ಹಂಡೆಯಿಂದ ನೀರು ತೋಡಿ ಮೊದಲು ಎಡಗಾಲಿಗೆ ಹುಯ್ದರು. 'ಅಯ್ಯಯ್ಯೋ, ಸುಡ್ತದೆ ಕಣಮ್ಮಿ!' ಅಂತ ಮಾವ ಕೂಗಿಕೊಂಡರು. ನಮಗೋ ಹಬ್ಬ! ಕೆಟ್ಟ ಕಾಲಿಗೆ ಬಿಸಿ ಗೊತ್ತಾಯ್ತಲ್ಲ, ಇನ್ನೇನು ಎದ್ದು ಓಡಾಡ್ತಾರೆ ಅಂತ ಅತ್ತೆ ಕಣ್ಣೊರೆಸಿಕೊಂಡರು. ಆ ಕಾಲಿಗೆ ತಣ್ಣೀರು ಬೆರೆಸಿ ಮೆಲ್ಲಗೆ ಉಜ್ಜುತ್ತಾ ಕೂತರು. ಅಷ್ಟೂ ಹೊತ್ತು ಬಲಗಾಲು ಅದೇ ಬಿಸಿನೀರಿನ ಬಕೆಟ್ಟಿನಲ್ಲಿತ್ತು. ಮಾವ ಸುಮ್ನೆ ಹರಟುತ್ತಾ ಕೂತಿದ್ದರು. ಸಂಜೆಗೆ ಪಾದದ ತುಂಬಾ ಬೊಬ್ಬೆ. ಅತ್ತೆ ಗಾಬರಿಯಾಗಿ ಕೇಳಿದರೆ, 'ನಂಗೇನೂ ನೋವಿಲ್ವಲ್ಲಾ' ಅಂದರು.

ಮಾರನೇ ದಿನ ಮತ್ತೆ ಮೈಸೂರು. ಈ ಸಲ ಸಿಕ್ಕಿದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಾವನಿಗೆ ಕಣ್ಣು ಮುಚ್ಚಿಸಿ ಪಿನ್ನಿನಿಂದ ಚುಚ್ಚುತ್ತಾ ಬಂದರು. ಎಡಗಡೆ ಚುಚ್ಚಿದ ಕಡೆಯೆಲ್ಲ 'ಹಾ' ಅಂದರು. ಬಲಗಡೆ ಹೊಕ್ಕುಳಿಂದ ಕೆಳಗೆ ಸದ್ದೇ ಇಲ್ಲ. ಆಮೇಲೆ ಎಡಗಾಲಿನ ಹೆಬ್ಬೆರಳು ಹಿಡಿದು, ಮೇಲಕ್ಕೆತ್ತಿದೆನಾ, ಕೆಳಕ್ಕಿಳಿಸಿದೆನಾ ಅಂತ ಕೇಳಿದರೆ ಮಾವ ಲಾಟರಿ ಹೊಡೆದ ಹಾಗೆ ಬಾಯಿಗೆ ಬಂದದ್ದು ಹೇಳುತ್ತಿದ್ದರು.

ನನಗೆ ತಲೆ ಕೆಟ್ಟುಹೋಯ್ತು. ಅಲ್ಲಾಡದ ಕಾಲಿಗೆ ನೋವು ಗೊತ್ತು, ಅಲ್ಲಾಡುವ ಕಾಲಿಗೆ ಬೆಂಕಿಯೂ ಗೊತ್ತಿಲ್ಲ ಅಂದರೆ ಏನರ್ಥ?

ಮೆದುಳಿಗೂ ಮೈಗೂ ನಡುವೆ ಸುದ್ದಿ ಸಾಗಿಸುವ ಬೆನ್ನುಹುರಿ ಇರುವುದೇ ಕಿರುಬೆರಳಿನ ದಪ್ಪ, ಉದ್ದ ಸುಮಾರು 45 ಸೆಂಟಿಮೀಟರು, ಅಂದರೆ ಒಂದೂವರೆ ಅಡಿ. ಮಾವನಿಗೆ ಪೆಟ್ಟಾಗಿದ್ದು ನಡುಬೆನ್ನಿನಲ್ಲಿ, ಅದೂ ಹುರಿಯ ಎಡ ಅರ್ಧಕ್ಕೇ ಜಾಸ್ತಿ.

ಮೆದುಳಿನ ಎಡಭಾಗ ಮೈಯ ಬಲಭಾಗವನ್ನು ನೋಡಿಕೊಳ್ಳುತ್ತದೆ ಅಂತ ಕೇಳಿದ್ದೇವಲ್ಲ, ಅಂದ ಮೇಲೆ ನರದ ದಾರಿಗಳು ಎಲ್ಲೋ ಒಂದು ಕಡೆ ಪಕ್ಕ ಬದಲಾಯಿಸಲೇಬೇಕು. ಆದರೆ ಎಲ್ಲವೂ ಒಂದೇ ಜಾಗದಲ್ಲಿ ಬದಲಾಯಿಸುವುದಿಲ್ಲ. ನಮ್ಮ ಬೆಂಗಳೂರು ರಸ್ತೆ ನೆನೆಸಿಕೊಳ್ಳಿ. ನೋವು ಮತ್ತು ಬಿಸಿಯ ಸುದ್ದಿ ಹುರಿಯೊಳಗೆ ಬಂದ ತಕ್ಷಣ, ಹೆಚ್ಚೆಂದರೆ ಒಂದೆರಡು ಮೆಟ್ಟಿಲು ಮೇಲೆ, ಹತ್ತಿರದ ಅಂಡರ್‌ಪಾಸಿನಲ್ಲಿ ನುಗ್ಗಿ ಆಚೆ ಬದಿಗೆ ಹೋಗಿಬಿಡುತ್ತದೆ. ಕಾಲು ಎಲ್ಲಿದೆ ಅನ್ನೋ ಸುದ್ದಿ ಮಾತ್ರ ತನ್ನ ಬದಿಯಲ್ಲೇ ಕತ್ತಿನ ಮೇಲಿನವರೆಗೂ ಹೋಗಿ, ಮೆದುಳಿನ ಬುಡದಲ್ಲಿ ದಾಟುತ್ತದೆ. ಕಾಲು ಆಡಿಸು ಅಂತ ಮೇಲಿಂದ ಬರುವ ಅಪ್ಪಣೆಯೂ ಅಲ್ಲೇ ದಾಟಿಕೊಂಡು ಕೆಳಗಿಳಿಯುತ್ತದೆ. ಹಾಗಾಗಿ ಹುರಿಯ ಎಡಗಡೆ ರಸ್ತೆ ಕುಸಿದರೆ ಎಡಗಾಲಿನ ಶಕ್ತಿಯೂ, ಅದು ಎಲ್ಲಿದೆ ಅನ್ನೋ ಸುದ್ದಿಯೂ ಹೋಗುತ್ತದೆ, ಜೊತೆಗೆ ಬಲಗಾಲಿನಿಂದ ದಾಟಿ ಬಂದ ನೋವಿನ ಸುದ್ದಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಬ್ರೌನ್-ಸೆಕಾರ್ ಅಂತ ಹೆಸರು. 1817ರಲ್ಲಿ ಮಾರಿಷಸ್‌ನಲ್ಲಿ ಹುಟ್ಟಿದ ಡಾಕ್ಟರ ಹೆಸರಂತೆ.

ಅಂಡರ್‌ಪಾಸಿನ ಮಾತು ನನ್ನದು, ಡಾಕ್ಟರಮ್ಮ ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸಿದ್ದರು ಅಷ್ಟೇ. ಐದು ನಿಮಿಷ ಹಿಡಿಯಿತು. ಆ ಐದು ನಿಮಿಷ ಮೊದಲೇ ಸಿಕ್ಕಿದ್ದರೆ ಅನ್ನೋ ಸಿಟ್ಟು ನನಗೆ ಇನ್ನೂ ಇದೆ.

ಪಾದ ಮಾಗಲು ಬಹಳ ದಿನ ಹಿಡಿಯಿತು. ಹುರಿಗೆ ಬೇರೆ ರೀತಿ ಪೆಟ್ಟಾದವರಿಗಿಂತ ಇಂಥವರು ನಡೆಯುವ ಸಾಧ್ಯತೆ ಜಾಸ್ತಿ ಅಂದಿದ್ದರು, ಅದು ನಿಜವಾಯ್ತು. ಮಾವ ಈಗ ಕೋಲು ಹಿಡಿದು ಎಡಗಾಲು ಎಳೆಯುತ್ತಾ ಗದ್ದೆ ಬದುವಿನವರೆಗೂ ಹೋಗುತ್ತಾರೆ. ಮಲಗುವ ಮುಂಚೆ ಅತ್ತೆ ಬಲಪಾದ ತಿರುಗಿಸಿ ಮುಳ್ಳು, ಗಾಯ ನೋಡುತ್ತಾರೆ. ನೀರಿನ ಬಿಸಿ ನೋಡುವುದೂ ಅತ್ತೆಯೇ, ಮಾವನ ಮಾತು ನಂಬುವುದಿಲ್ಲ.

ಎಡಗಾಲು ಎಲ್ಲಿದೆ ಅಂತ ಮಾವನಿಗೆ ಗೊತ್ತಾಗುವುದು ಕಣ್ಣಿಂದಲೇ. ಹೋದ ವಾರ ಊಟ ಮುಗಿಸಿ ಎದ್ದು ಹೊರಟವರು, ಕರೆಂಟು ಹೋಗುತ್ತಲೇ ನಡುಮನೆಯಲ್ಲಿ ಗೋಡೆ ಹಿಡಿದು ನಿಂತುಬಿಟ್ಟರು. 'ಟಾರ್ಚ್ ಬುಡ್ಲಾ,' ಅಂದರು ನನಗೆ. 'ಬಾಗಿಲ ಕಡೀಕಲ್ಲ ಕಣ್ಲಾ, ಕಾಲಿನ್ ಮ್ಯಾಲ್ ಬುಡು.'