ದ್ವೀಪ ಮುಳುಗಿದರೆ ಮೀನು ಯಾರದ್ದು?

ಪೆಸಿಫಿಕ್ ದ್ವೀಪಗಳ ಮಾತು ಬಂದರೆ ಎಲ್ಲರೂ ತೋರಿಸುವುದು ಅದೇ ಫೋಟೋ. 2021ರಲ್ಲಿ ತುವಾಲುವಿನ ಮಂತ್ರಿ ಸೈಮನ್ ಕೋಫೆ ಸೂಟು ಹಾಕಿ, ಪ್ಯಾಂಟು ಮಡಚಿ, ಮೊಣಕಾಲುದ್ದ ಸಮುದ್ರದಲ್ಲಿ ನಿಂತು ಭಾಷಣ ಮಾಡಿದ್ದು. ಒಳ್ಳೆಯ ಫೋಟೋನೇ. ಆದರೆ ನೋಡಿದವರು ‘ಅಯ್ಯೋ ಪಾಪ’ ಅಂದು ಮುಂದೆ ಹೋಗಿಬಿಡುತ್ತಾರೆ. ನನ್ನನ್ನು ಕಾಡುವುದು ಅದರಲ್ಲಿ ಕಾಣದ ಒಂದು ಗೆರೆ.

ಸಮುದ್ರ ಕಾನೂನಿನಲ್ಲಿ ಅದು ಆಧಾರರೇಖೆ. ಇಳಿತದ ಹೊತ್ತಿಗೆ ನೀರು ಎಲ್ಲಿಗೆ ಸರಿಯುತ್ತದೋ ಅಲ್ಲಿಂದ 200 ನಾಟಿಕಲ್ ಮೈಲಿಯವರೆಗಿನ ಮೀನು, ಖನಿಜದ ಹಕ್ಕು ಆ ದೇಶದ್ದು. ಕಿರಿಬಾತಿ ಎಂಬ ಪೆಸಿಫಿಕ್ ದ್ವೀಪದೇಶಕ್ಕೆ ನೆಲ ಇರುವುದು 811 ಚದರ ಕಿಲೋಮೀಟರ್, ಕಡಲು ಸುಮಾರು 35 ಲಕ್ಷ. ಬೊಕ್ಕಸ ತುಂಬುವುದೇ ಅಲ್ಲಿಂದ. ಮೀನುಗಾರಿಕೆಗಾಗಿ ಒಟ್ಟಾದ ನೌರು ಒಪ್ಪಂದದ ಎಂಟು ಪೆಸಿಫಿಕ್ ದೇಶಗಳು ಟ್ಯೂನಾ ಹಡಗುಗಳಿಗೆ ದಿನದ ಲೆಕ್ಕದಲ್ಲಿ ಪರವಾನಗಿ ಮಾರುತ್ತವೆ. ಒಂದು ಹಡಗು ಒಂದು ದಿನ ಬಲೆ ಬೀಸಲು ಕನಿಷ್ಠ 8,000 ಡಾಲರ್! ಒಬ್ಬೊಬ್ಬರೇ ಚೌಕಾಸಿಗೆ ಕೂತಿದ್ದರೆ ಈ ದರ ಕನಸಿನ ಮಾತು.

ಈಗ ಸಮುದ್ರ ಏರಿದರೆ ದಂಡೆ ಹಿಂದೆ ಸರಿಯುತ್ತದೆ, ಜೊತೆಗೆ ಗೆರೆಯೂ. ದ್ವೀಪ ಜನ ಬಾಳಲಾಗದ ಬರೀ ಬಂಡೆ ಅನ್ನಿಸಿಕೊಂಡರಂತೂ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 121ನೇ ವಿಧಿಯಂತೆ ಆ 200 ಮೈಲಿಯೇ ಇಲ್ಲ. ಹೊಗೆ ಬಿಟ್ಟವರು ಯಾರೋ, ಆಸ್ತಿ ಕಳೆದುಕೊಳ್ಳುವವರು ಇವರು. ಮೇಲಿಂದ, ವಾರಸುದಾರರಿಲ್ಲದ ಆ ಮೀನಿಗೆ ಬಲೆ ಹಾಕಲು ಬರುವುದೂ ದೂರದ ದೊಡ್ಡ ದೇಶಗಳ ಹಡಗುಗಳೇ.

2021ರ ಆಗಸ್ಟಿನಲ್ಲಿ ಆ ಭಾಗದ ದೇಶಗಳ ಕೂಟವಾದ ಪೆಸಿಫಿಕ್ ಐಲ್ಯಾಂಡ್ಸ್ ಫೋರಂ ಒಂದೇ ದನಿಯಲ್ಲಿ ಘೋಷಿಸಿತು: ಅಳೆದು ವಿಶ್ವಸಂಸ್ಥೆಗೆ ತಿಳಿಸಿದ ಗಡಿ, ಕಡಲು ಏರಿದರೂ ಕುಗ್ಗುವುದಿಲ್ಲ. ಆಗ ನನಗಿದು ಬರೀ ಹಠ ಅನ್ನಿಸಿತ್ತು. ಆಮೇಲೆ, ವನುವಾಟುವಿನಲ್ಲಿ ಕಾನೂನು ಓದುತ್ತಿದ್ದ ಹುಡುಗ ಹುಡುಗಿಯರು ಹವಾಮಾನ ಬದಲಾವಣೆಯಲ್ಲಿ ದೇಶಗಳ ಹೊಣೆ ಏನೆಂದು ನ್ಯಾಯಾಲಯವೇ ಹೇಳಲಿ ಎಂದು 2019ರಲ್ಲಿ ಶುರುಮಾಡಿದ್ದ ಅಭಿಯಾನ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. 2025ರ ಜುಲೈ 23ಕ್ಕೆ ಸಲಹಾ ಅಭಿಪ್ರಾಯ ಹೊರಬಿತ್ತು. ಸುದ್ದಿಯಾಗಿದ್ದು ಹೊಗೆ ಮತ್ತು ಪರಿಹಾರದ ಭಾಗ. ನಾನು ಪೂರ್ತಿ ಪಠ್ಯ ಇಳಿಸಿಕೊಂಡು ಮೊದಲು ಹುಡುಕಿದ್ದು ಆಧಾರರೇಖೆಯನ್ನು. ಸಿಕ್ಕಿತು: ಒಮ್ಮೆ ಗೊತ್ತುಪಡಿಸಿದ ರೇಖೆಯನ್ನು ಸಮುದ್ರ ಏರಿತೆಂದು ತಿದ್ದಬೇಕಾಗಿಲ್ಲ. ನೆಲ ಹೋದ ಮಾತ್ರಕ್ಕೆ ದೇಶವೇ ಅಳಿಯಿತು ಎಂದೂ ಅಲ್ಲ.

ಸಲಹಾ ಅಭಿಪ್ರಾಯಕ್ಕೆ ತೀರ್ಪಿನ ಬಲವಿಲ್ಲ, ನಿಜ. ಆದರೂ ಆ ಫೋಟೋಗಿಂತ ಇದು ದೊಡ್ಡ ಗೆಲುವು.

ಇಷ್ಟಾದರೂ ಒಂದು ತೊಡಕು ಉಳಿದೇ ಇದೆ. ನೀರು ಬಿಸಿಯಾದಂತೆ ಟ್ಯೂನಾ ಪೂರ್ವಕ್ಕೆ, ಯಾರ ಗಡಿಗೂ ಸೇರದ ತೆರೆದ ಸಮುದ್ರದ ಕಡೆಗೆ ಸರಿಯುತ್ತದೆ ಅನ್ನುತ್ತಾರೆ ವಿಜ್ಞಾನಿಗಳು. ಅಲ್ಲಿ ಹಿಡಿದ ಮೀನಿಗೆ ತುವಾಲುವಿಗೆ ದಿನದ ಶುಲ್ಕ ಕಟ್ಟಬೇಕಿಲ್ಲ. ತುವಾಲುವಿನ ರಾಜಧಾನಿ ಫುನಾಫುಟಿಯಲ್ಲಿ ದೊಡ್ಡ ಉಬ್ಬರದ ದಿನ ಹವಳದ ನೆಲದ ತೂತುಗಳಿಂದಲೇ ಉಪ್ಪುನೀರು ಬುಗುಬುಗು ಮೇಲೇಳುತ್ತದೆ. ಕೆಸುವಿನ ಜಾತಿಯ ಪುಲಾಕ ಗೆಡ್ಡೆ ಬೆಳೆಯುವ ಗುಂಡಿಗಳಿಗೂ ಉಪ್ಪು ಇಳಿದಿದೆ. ಆ ನಷ್ಟ ಕಣ್ಣಿಗೆ ಕಾಣುತ್ತದೆ, ಪರಿಹಾರದ ಲೆಕ್ಕಕ್ಕೂ ಬಂದೀತು. ಊರು ಬಿಟ್ಟ ಮೀನಿನ ಶುಲ್ಕವೂ ಅದೇ ಪಟ್ಟಿಗೆ ಸೇರಬೇಕು ಅನ್ನುವುದು ನನ್ನ ವಾದ.