ಚಿಕ್ಕಪ್ಪನ ಮಾತ್ರೆ

ತುಮಕೂರು
14 ಜೂನ್ 2025, ಶನಿವಾರ

ಬೆಳಿಗ್ಗೆ ಅಮ್ಮ ಅಕ್ಕಿ ಆರಿಸ್ತಾ ಕೂತಿದ್ದಳು. ಮೊರದ ಅಂಚಿನ ಕಲ್ಲು ಪಟ್ಟನೆ ಸಿಗುತ್ತೆ, ನಡುವಿನದು ಸಿಗಲ್ಲ. ನೆಟ್ಟು ನೋಡಿದ ಕಡೆಯೇ ಮಸಿ ಬಳಿದ ಹಾಗಂತೆ. ಅದಕ್ಕೇ ಮುಖ ಬಾಗಿಲ ಕಡೆ ತಿರುಗಿಸಿ, ಕೋಳಿ ಥರ ಓರೆಗಣ್ಣಲ್ಲಿ ನೋಡ್ತಾಳೆ. ಪೊರೆ ಅಲ್ಲ, ಪೊರೆ ತೆಗೆಸಿ ಆಗಿದೆ, ಇದು ಕಣ್ಣಿನ ಹಿಂದಿನ ಪರದೆ, ಅಂದರೆ ಅಕ್ಷಿಪಟಲದ ನಡುವೆ ಇರೋ ಮ್ಯಾಕ್ಯುಲಾ ಹಾಳಾಗಿರೋದು ಅಂತ ನೆಂಟರಿಗೆಲ್ಲ ಹೇಳಿ ಸಾಕಾಗಿದೆ. ತಿಂಗಳಿಗೊಮ್ಮೆ ರೈಲು ಹತ್ತಿ ಬೆಂಗಳೂರು, ಕಣ್ಣೊಳಗೇ ಇಂಜೆಕ್ಷನ್. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಲ್ಲ.

ಮಧ್ಯಾಹ್ನ ಗುಬ್ಬಿಯಿಂದ ಚಿಕ್ಕಪ್ಪ ಬಂದರು. ಕೈಕಾಲು ನಡುಗೋ ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ಅನ್ನೋ ಮಾತ್ರೆ ನುಂಗೋರು. ಆ ಮಾತ್ರೆ ತಗೊಳ್ಳೋರಿಗೆ ಈ ಕಣ್ಣಿನ ತೊಂದರೆ ತಡವಾಗಿ ಬರುತ್ತಂತೆ ಅಂತ ಹೋದ ವಾರ ಬಾಯಿ ತಪ್ಪಿ ಹೇಳಿದ್ದೆ. ಅಮ್ಮ ಮರೆತಿರಲಿಲ್ಲ.

"ಒಂದು ಕೊಡೋ, ನೋಡೋಣ."

"ತಗೊಳ್ಳಿ ಅತ್ತಿಗೆ, ನಂಗೇನು." ಚಿಕ್ಕಪ್ಪ ಜೇಬಿಗೆ ಕೈ ಹಾಕೇಬಿಟ್ಟರು!

ನಾನು ಓದಿದ್ದು ಸುಳ್ಳಲ್ಲ. 2016ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ರೋಗಿಗಳ ದಾಖಲೆ ತೆಗೆದು ನೋಡಿದ್ದರು: ಲೆವೊಡೋಪಾ ಇಲ್ಲದವರಿಗೆ ಸರಾಸರಿ 71ಕ್ಕೆ ಬಂದ ಕಾಯಿಲೆ, ತಗೊಂಡವರಿಗೆ 79ಕ್ಕೆ. ಅಕ್ಷಿಪಟಲದ ಹಿಂದಿನ ಕಪ್ಪು ಪದರದ ಜೀವಕೋಶಗಳು ಬಣ್ಣ ತಯಾರಿಸುವಾಗ ಇದೇ ಲೆವೊಡೋಪಾ ಹುಟ್ಟುತ್ತೆ. ಅವುಗಳ ಮೇಲಿನ ಜಿಪಿಆರ್143 ಅನ್ನೋ, ಸಂಕೇತ ಹಿಡಿಯೋ ಪ್ರೋಟೀನಿಗೆ ಅದು ಅಂಟಿದರೆ ವಿಇಜಿಎಫ್ ಅನ್ನೋ ಇನ್ನೊಂದು ಪ್ರೋಟೀನ್ ಕಡಿಮೆ ಸುರಿಯುತ್ತೆ. ಸೋರುವ ರಕ್ತನಾಳ ಬೆಳೆಸೋದು ಆ ವಿಇಜಿಎಫೇ, ಅಮ್ಮನ ಇಂಜೆಕ್ಷನ್ ಕಟ್ಟಿಹಾಕೋದೂ ಅದನ್ನೇ.

ಆದರೆ ದಾಖಲೆ ಬೇರೆ, ಪರೀಕ್ಷೆ ಬೇರೆ. ಈ ಕಣ್ಣಿನ ರೋಗಿಗಳಿಗೇ ಲೆವೊಡೋಪಾ ಕೊಟ್ಟು ನೋಡಿ 2020ರಲ್ಲಿ ಪ್ರಕಟಿಸಿದ ಪ್ರಯೋಗ ಶುರುವಾಗಿದ್ದು ಬರೀ 20 ಜನರಿಂದ. ಇಂಜೆಕ್ಷನ್ ಕಡಿಮೆ ಬೇಕಾಯ್ತು, ನಿಜ. ಹೋಲಿಸೋಕೆ ಔಷಧಿ ಇಲ್ಲದ ಹುಸಿ ಮಾತ್ರೆ ನುಂಗಿದ ಗುಂಪು ಇರಲಿಲ್ಲ.

ಇಷ್ಟೆಲ್ಲ ಅಮ್ಮನಿಗೆ ಯಾಕೆ? "ಚಿಕ್ಕಪ್ಪ, ಶುರುವಲ್ಲಿ ಏನಾಗಿತ್ತು ಹೇಳಿ" ಅಂದೆ. ಹೊಟ್ಟೆ ತೊಳಸೋದು, ಉಪ್ಪಿಟ್ಟಿನ ವಾಸನೆಗೇ ವಾಂತಿ, ಎದ್ದು ನಿಂತರೆ ಬಿಪಿ ಇಳಿದು ತಲೆ ಸುತ್ತು. ಅಮ್ಮ ಮೊದಲೇ ಬಿಪಿ ಮಾತ್ರೆಯವಳು. ಸ್ವಲ್ಪ ಮೆತ್ತಗಾದಳು.

ಅಷ್ಟಕ್ಕೆ ಬಿಡದೆ ಚಿಕ್ಕಪ್ಪ, "ನಸುಗುನ್ನಿ ಬೀಜದಲ್ಲೂ ಇದೇ ಇದೆಯಂತೆ, ಬೇಲಿ ತುಂಬ ಬಿಟ್ಟಿದೆ" ಅಂದರು. ಇದೆ, ಸುಳ್ಳಲ್ಲ. ಪುಣ್ಯಕ್ಕೆ ಅಮ್ಮನಿಗೆ ಚಿಕ್ಕಂದಿನ ತುರಿಕೆ ನೆನಪಾಯ್ತು. "ಥೂ, ಅದರ ಹೆಸರೆತ್ತಬೇಡ!"

ಮುಂದಿನ ಸಲ ಡಾಕ್ಟರನ್ನೇ ಕೇಳೋಣ ಅಂತ ಒಪ್ಪಿಸಿದ್ದೇನೆ. ಚಿಕ್ಕಪ್ಪ ಹೊರಡುವಾಗ ಅವರ ಸ್ಟ್ರಿಪ್ ಇಸ್ಕೊಂಡು ಎಣಿಸಿದೆ. ಆರಿದ್ದವು. ಬೆಳಿಗ್ಗೆ ಎಷ್ಟಿದ್ದವು ಅಂದರೆ ಅವರಿಗೂ ನೆನಪಿಲ್ಲ.