ಭಯ ಆಗಿದ್ದು ನಿನಗೆ ಅಲ್ವಾ ಅಮ್ಮಾ?

ಹೋದ ಶನಿವಾರ ಬೆಳಿಗ್ಗೆ ಹಾಲು, ಕೊತ್ತಂಬರಿ ಸೊಪ್ಪು ತರೋಣ ಅಂತ ಅಂಗಡಿಗೆ ಹೋಗಿದ್ದೆ. ಜೊತೆಗೆ ಹದಿನಾಲ್ಕು ವರ್ಷದ ಮಗಳು. ಹಾಲಿನ ಕಪಾಟಿನ ಪಕ್ಕದಲ್ಲಿ ನಿಂತಿದ್ದ ಒಬ್ಬನ ಸೊಂಟದಲ್ಲಿ ಪಿಸ್ತೂಲು ಇತ್ತು. ಕಪ್ಪು ಚರ್ಮದ ಒರೆ, ಹಿಡಿಕೆ ಹೊರಗೆ ಕಾಣುತ್ತಿತ್ತು. ಅವನು ಮೊಟ್ಟೆಯ ಡಬ್ಬಿ ತೆರೆದು, ಒಂದೊಂದು ಮೊಟ್ಟೆಯನ್ನೂ ಬೆರಳ ತುದಿಯಲ್ಲಿ ಮೆಲ್ಲಗೆ ತಿರುಗಿಸಿ, ಒಡೆದಿದೆಯಾ ಅಂತ ನೋಡುತ್ತಿದ್ದ.

ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊಗೆ ಬಂದು ಹನ್ನೊಂದು ವರ್ಷವಾಯಿತು. ಹೀಗೆ ಬಂದೂಕು ಕಾಣುವಂತೆ ಇಟ್ಟುಕೊಂಡು ಓಡಾಡುವವರನ್ನು ದೂರದಿಂದ ನೋಡಿದ್ದೇನೆ. ಈ ಸಲ ಎರಡು ಮಾರು ದೂರದಲ್ಲಿದ್ದ. ನನ್ನ ಕೈ ತಣ್ಣಗಾಯಿತು. ಸಾಮಾನು ಅಲ್ಲೇ ಬಿಟ್ಟು, ಮಗಳ ರಟ್ಟೆ ಹಿಡಿದು ಹೊರಗೆ ಬಂದೆ. ಕಾರಿನಲ್ಲಿ ಕೂತು ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿದೆ.

ಆ ಕಡೆಯ ಹೆಂಗಸು ಸಮಾಧಾನವಾಗಿಯೇ ಕೇಳಿದಳು. ಬಂದೂಕನ್ನು ಕೈಗೆ ತೆಗೆದುಕೊಂಡಿದ್ದಾನಾ? ಇಲ್ಲ. ಯಾರನ್ನಾದರೂ ಬೆದರಿಸಿದನಾ? ಇಲ್ಲ. ಕೂಗಾಡುತ್ತಿದ್ದಾನಾ? ಇಲ್ಲ, ಮೊಟ್ಟೆ ನೋಡುತ್ತಿದ್ದಾನೆ. ಹಾಗಿದ್ದರೆ ಒಹಾಯೊದಲ್ಲಿ ಅದು ತಪ್ಪಲ್ಲ, ಬರೀ ಅಷ್ಟಕ್ಕೆ ಅವನನ್ನು ತಡೆಯಲು ಆಗುವುದಿಲ್ಲ, ಬೇರೆ ಏನಾದರೂ ಆದರೆ ಮತ್ತೆ ಫೋನ್ ಮಾಡಿ ಅಂದಳು.

ನನಗೆ ಸಿಟ್ಟು ಬಂತು. ಈ ಊರಿನ ಶಾಲೆಗಳಲ್ಲಿ, ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಅಂತ, ಮಕ್ಕಳಿಗೆ ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಅಭ್ಯಾಸ ಮಾಡಿಸುತ್ತಾರೆ. ನನ್ನ ಮಗಳು ಅದನ್ನು ಕಲಿತಾಗ ಅವಳಿಗೆ ಆರು ವರ್ಷ. ಮನೆಗೆ ಹೋಗುವ ದಾರಿಯುದ್ದಕ್ಕೂ ಇದನ್ನೇ ಹೇಳುತ್ತಿದ್ದೆ. ಪೊಲೀಸರು ಬಂದು ಹಿಡಿದು ವಿಚಾರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು ಅಂದೆ.

ಮಗಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. "ಭಯ ಆಗಿದ್ದು ನಿನಗೆ ಅಲ್ವಾ ಅಮ್ಮಾ? ಅದಕ್ಕೆ ಅವರನ್ನ ಯಾಕೆ ಹಿಡೀಬೇಕು?"

ಉತ್ತರ ಹೊಳೆಯಲಿಲ್ಲ. ರಾತ್ರಿ ಊಟ ಆದಮೇಲೆ ಅವಳೇ ಒಂದು ಕೋರ್ಟ್ ತೀರ್ಪು ತೆಗೆದು ತೋರಿಸಿದಳು. ನಮ್ಮ ಊರಿನದೇ ಪ್ರಕರಣ. 2010ರ ಬೇಸಿಗೆಯ ಒಂದು ಸಂಜೆ ನಾರ್ತ್‌ರಪ್ ಎಂಬಾತ ಹೆಂಡತಿ, ಮಗಳು, ಮೊಮ್ಮಗ ಮತ್ತು ನಾಯಿಯ ಜೊತೆ ಟೊಲಿಡೊದ ಬೀದಿಯಲ್ಲಿ ವಾಕಿಂಗ್ ಹೊರಟಿದ್ದ. ಸೊಂಟದಲ್ಲಿ ಪಿಸ್ತೂಲು ಎಲ್ಲರಿಗೂ ಕಾಣುವಂತಿತ್ತು. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ಅದನ್ನು ನೋಡಿ 911ಕ್ಕೆ ಫೋನ್ ಮಾಡಿದ. ಪೊಲೀಸ್ ಬಂದ, ಪಿಸ್ತೂಲು ಕಿತ್ತುಕೊಂಡ, ಕೋಳ ಹಾಕಿದ, ಸುಮಾರು ಅರ್ಧ ಗಂಟೆ ಪೊಲೀಸ್ ಕಾರಿನಲ್ಲಿ ಕೂರಿಸಿದ. ಕೊನೆಗೆ, ನಾರ್ತ್‌ರಪ್ ತನ್ನ ಬಗ್ಗೆ ಮಾಹಿತಿ ಕೊಡಲಿಲ್ಲ ಅಂತ ಒಂದು ಕೇಸಿನ ಚೀಟಿ ಹರಿದು ಕೊಟ್ಟು ಬಿಟ್ಟ. ಆ ಕೇಸೂ ಆಮೇಲೆ ಬಿದ್ದುಹೋಯಿತು. ಆದರೆ ನಾರ್ತ್‌ರಪ್ ಬಿಡಲಿಲ್ಲ, ಫೆಡರಲ್ ಕೋರ್ಟಿಗೆ ಹೋದ.

2015ರಲ್ಲಿ ಆರನೇ ಸರ್ಕ್ಯೂಟ್‌ನ, ಅಂದರೆ ಒಹಾಯೊ, ಟೆನೆಸಿ ಮುಂತಾದ ರಾಜ್ಯಗಳಿಗೆ ಸೇರಿದ ಫೆಡರಲ್ ಮೇಲ್ಮನವಿ ಕೋರ್ಟು ಅವನ ಪರವಾಗಿ ನಿಂತಿತು. ಬಂದೂಕು ಕಾಣುವಂತೆ ಇಟ್ಟುಕೊಳ್ಳುವುದನ್ನು ಒಹಾಯೊದ ಕಾನೂನೇ ಒಪ್ಪಿರುವಾಗ, ಅದೊಂದನ್ನೇ ನೆಪ ಮಾಡಿ ತಡೆದು ಕೂರಿಸುವಂತಿಲ್ಲ ಅಂದಿತು. ಆ ಅಧಿಕಾರಿ ಮೊಕದ್ದಮೆ ಎದುರಿಸಲೇಬೇಕು ಅಂತಲೂ ಹೇಳಿತು. ಪೊಲೀಸರು ಯಾರನ್ನಾದರೂ ದಾರಿಯಲ್ಲಿ ನಿಲ್ಲಿಸಬೇಕಾದರೆ ಅಪರಾಧದ ಸಂಶಯಕ್ಕೆ ಹೇಳಿಕೊಳ್ಳುವಂಥ ಒಂದು ಕಾರಣ ಇರಬೇಕು. ಈ ನಿಯಮ 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಟೆರ್ರಿ ವರ್ಸಸ್ ಒಹಾಯೊ ಪ್ರಕರಣದಲ್ಲಿ ಹುಟ್ಟಿದ್ದು. ಅದು ಶುರುವಾಗಿದ್ದೂ ಇದೇ ರಾಜ್ಯದ ಕ್ಲೀವ್‌ಲ್ಯಾಂಡಿನ ಬೀದಿಯಲ್ಲಿ.

ಎಲ್ಲರೂ ಗೆಲ್ಲುತ್ತಾರೆ ಅಂತಲ್ಲ. 2009ರಲ್ಲಿ ಟೆನೆಸಿಯ ನ್ಯಾಶ್‌ವಿಲ್ ಹತ್ತಿರದ ರಾಡ್ನರ್ ಲೇಕ್ ವನಕ್ಕೆ ಒಬ್ಬ ಸೈನಿಕರ ಮಾದರಿಯ ಬಟ್ಟೆ ಹಾಕಿಕೊಂಡು, ಎಕೆ-47 ಮಾದರಿಯ ದೊಡ್ಡ ಪಿಸ್ತೂಲು ತೂಗುಹಾಕಿಕೊಂಡು ಹೋಗಿದ್ದ. ರೇಂಜರ್‌ಗಳು ಎರಡು ಗಂಟೆಗೂ ಜಾಸ್ತಿ ಹೊತ್ತು ತಡೆದು ನಿಲ್ಲಿಸಿದರು. ಅವನೂ ಕೋರ್ಟಿಗೆ ಹೋದ, 2012ರಲ್ಲಿ ಇದೇ ಆರನೇ ಸರ್ಕ್ಯೂಟ್ ಕೋರ್ಟು ಅವನ ವಾದ ಒಪ್ಪಲಿಲ್ಲ. ಅವನ ವೇಷ, ಆಯುಧ ನೋಡಿದ ಯಾರಿಗೇ ಆದರೂ ಸಂಶಯ ಬರುತ್ತಿತ್ತು ಅಂದಿತು. ಇದು ನನಗೆ ಸರಿ ಅನ್ನಿಸಿತು. ಮೊಟ್ಟೆ ನೋಡುತ್ತಿದ್ದವನು ಬೇರೆ, ಇವನು ಬೇರೆ.

ಆದರೆ ಮನಸ್ಸಿನಿಂದ ಹೋಗದ ಇನ್ನೊಂದು ಹೆಸರಿದೆ. 2014ರ ನವೆಂಬರ್‌ನಲ್ಲಿ ಅದೇ ಕ್ಲೀವ್‌ಲ್ಯಾಂಡಿನಲ್ಲಿ ಟಾಮಿರ್ ರೈಸ್ ಎಂಬ ಹನ್ನೆರಡು ವರ್ಷದ ಹುಡುಗ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದುಕೊಂಡಿದ್ದ. ಕಪ್ಪು ಹುಡುಗ. ಯಾರೋ 911ಕ್ಕೆ ಫೋನ್ ಮಾಡಿದರು. ಪೊಲೀಸ್ ಕಾರು ಬಂದು ನಿಂತ ಎರಡೇ ಸೆಕೆಂಡಿನಲ್ಲಿ ಗುಂಡು ಹಾರಿತು. ಮರುದಿನ ಹುಡುಗ ತೀರಿಕೊಂಡ. ಆ ಫೋನ್ ಮಾಡಿದವನಿಗೂ ನನ್ನ ಹಾಗೇ ಭಯ ಆಗಿತ್ತೋ ಏನೋ. ಅಂಗಡಿಯಲ್ಲಿ ಇದ್ದವನು ಬಿಳಿಯ. ಅವನು ಕಪ್ಪಗಿದ್ದು, ನನ್ನ ಫೋನಿಗೆ ಪೊಲೀಸರು ಓಡಿ ಬಂದಿದ್ದರೆ? ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬೆಳಗಿನ ಜಾವ ಯಾಕೋ ಅಜ್ಜ ನೆನಪಾದರು.

ಮಲೆನಾಡಿನ ನಮ್ಮ ಅಜ್ಜನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಒಂದು ಕೇಪಿನ ಕೋವಿ ಇತ್ತು. ಮಂಗ, ಕಾಡುಹಂದಿ ಓಡಿಸಲು. ಜಗಲಿಯ ಗೋಡೆಗೆ ಎರಡು ಗೂಟ, ಅದರ ಮೇಲೆ ಕೋವಿ. ಮಳೆಗಾಲ ಮುಗಿದ ಮೇಲೆ ಹಳೇ ಪಂಚೆಯ ಚೂರಿಗೆ ಕೊಬ್ಬರಿ ಎಣ್ಣೆ ಹಚ್ಚಿ ನಳಿಗೆ ಒರೆಸುತ್ತಿದ್ದರು. ಆ ಎಣ್ಣೆ, ಕಬ್ಬಿಣ, ಮದ್ದಿನ ಪುಡಿ ಎಲ್ಲ ಸೇರಿದ ವಾಸನೆ ಈಗಲೂ ಮೂಗಿನಲ್ಲಿದೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಅಜ್ಜ ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಕಂಡಕ್ಟರ್ ಸೀಟು ಬಿಡಿಸಿ ಕೊಡುತ್ತಿದ್ದ. ತುಂಬಿದ ಬಸ್ಸಿನಲ್ಲಿ ಒಬ್ಬರೂ ಹೆದರುತ್ತಿರಲಿಲ್ಲ.

ಇಂಡಿಯಾದಲ್ಲಿ ಪೊಲೀಸರ ಹತ್ತಿರ ಮಾತ್ರ ಬಂದೂಕು ಇರೋದಲ್ವಾ ಅಂತ ಮಗಳು ಒಮ್ಮೆ ಕೇಳಿದ್ದಳು. ಕೊಡಗಿನ ವಿಷಯ ಹೇಳಿದ್ದೆ. ಕೊಡವರಿಗೆ, ಅಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಹೊಂದಿದವರಿಗೆ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ ಅಂದಾಗ ಅವಳ ಕಣ್ಣು ಅರಳಿತ್ತು. ಅಜ್ಜನ ಈ ಕತೆಯನ್ನು ಮಾತ್ರ ಹೇಳಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದೆ. ನಮ್ಮ ಕಡೆಯ ಕಾಡಿನಲ್ಲಿ ಯಾರೋ ಕಾಡುಕೋಣ ಹೊಡೆದಿದ್ದರು. ಸುತ್ತಮುತ್ತ ಕೋವಿ ಇದ್ದವರನ್ನೆಲ್ಲ ಠಾಣೆಗೆ ಕರೆಸಿದರು. ಅಜ್ಜ ಬೆಳಿಗ್ಗೆ ಎಂಟಕ್ಕೆ ಹೋದವರು ಬೆಂಚಿನ ಮೇಲೆ ಸಂಜೆ ಏಳರವರೆಗೆ ಕೂತಿದ್ದರು. ಏನೂ ಕೇಳಲಿಲ್ಲ, ಏನೂ ಬರೆದುಕೊಳ್ಳಲಿಲ್ಲ. ನೀರು ಕುಡಿಯಲು ಎದ್ದಾಗ ಚಿಕ್ಕ ವಯಸ್ಸಿನ ಪೇದೆಯೊಬ್ಬ "ಕೂತ್ಕೋ ಮುದುಕಾ" ಅಂದನಂತೆ. ಕತ್ತಲಾದ ಮೇಲೆ ಹೋಗು ಅಂದರು, ಬಂದರು.

ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ಸರಿಯಾದ ಕಾರಣ ಇರುವುದು ಬೇರೆ ಅಂತ ನಮ್ಮ ಸುಪ್ರೀಂ ಕೋರ್ಟ್ 1994ರಲ್ಲೇ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದರೆ ಅಜ್ಜನನ್ನು ಯಾರೂ ಬಂಧಿಸಿರಲಿಲ್ಲವಲ್ಲ, ಸುಮ್ನೆ ಕೂರಿಸಿದ್ದರು. ಹಾಗೆ ಕೂರಿಸಿದ್ದಕ್ಕೆ ಎಲ್ಲೂ ಲೆಕ್ಕ ಇರುವುದಿಲ್ಲ. ಇಲ್ಲಿ ಒಬ್ಬನ ಅರ್ಧ ಗಂಟೆಗೆ ಫೆಡರಲ್ ನ್ಯಾಯಾಧೀಶರು ಪುಟಗಟ್ಟಲೆ ಬರೆದಿದ್ದಾರೆ. ಅಜ್ಜನ ಹನ್ನೊಂದು ಗಂಟೆಗೆ ಒಂದು ಸಾಲೂ ಇಲ್ಲ. ನಮ್ಮ ಮನೆಯಲ್ಲೂ ಯಾರೂ ಪ್ರಶ್ನೆ ಮಾಡಲಿಲ್ಲ. ಪೊಲೀಸರು ಅಂದಮೇಲೆ ಅಷ್ಟೇ ಅಂದುಕೊಂಡೆವು. ನನ್ನ ಊರಿನ ಮೇಲೆ ನನಗಿರುವ ದೊಡ್ಡ ಬೇಸರ ಇದು.

ಭಾನುವಾರ ಅಮ್ಮನಿಗೆ ಫೋನ್ ಮಾಡಿ ಆ ದಿನದ ಬಗ್ಗೆ ಕೇಳಿದೆ. ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬಂದವರು ಕಾಫಿ ಬೇಡ ಅಂದ್ರು. ಸೀದಾ ಬಚ್ಚಲಿಗೆ ಹೋಗಿ ಸ್ನಾನ ಮಾಡಿದ್ರು. ಆಮೇಲೆ ಆ ಕೋವಿ ತೆಗೆದು ಅಟ್ಟಕ್ಕೆ ಹಾಕಿದ್ರು ನೋಡು. ಆ ವರ್ಷ ಅಡಿಕೆ, ಬಾಳೆ ಎಲ್ಲ ಮಂಗನ ಪಾಲಾಯ್ತು."